ನಾಲ್ಕನೆಯ ಕಿಂಡಿ

ಭಾಗ್ಯಾ ಹುಟ್ಟಿದ್ದು ಹೊರ್ತಿಯ ಹೊರಗಿನ ಒಂದು ಕುರಿಹಟ್ಟಿಯಲ್ಲಿ. ಕೂಸನ್ನು ಮೊದಲ ಸಲ ಕೈಗೆ ತೆಗೆದುಕೊಂಡ ತಾಯಿ ರೇವವ್ವ, ಮೈಗೆ ಹಾಲು ಚೆಲ್ಲಿದೆ ಎಂದುಕೊಂಡು ಸೆರಗಿನಿಂದ ಒರೆಸಿದಳಂತೆ. ಒರೆಸಿದಷ್ಟೂ ಕೂಸು ಬೆಳ್ಳಗೇ ಉಳಿಯಿತು. ಕೂದಲು ಬಿಳಿ, ಹುಬ್ಬು ಬಿಳಿ, ರೆಪ್ಪೆ ಬಿಳಿ. ವಿಜಾಪುರದ ಡಾಕ್ಟರರು ಹೇಳಿದ್ದು ಇಷ್ಟೇ: ಈ ಮೈಯಲ್ಲಿ ಬಣ್ಣ ಹುಟ್ಟುವುದಿಲ್ಲ, ಕಣ್ಣಿನೊಳಗೂ ಹುಟ್ಟಿಲ್ಲ, ಬಿಸಿಲು ಈಕೆಗೆ ಆಗದು.

ಬಿಸಿಲು ಆಗದವಳು ಹುಟ್ಟಿದ್ದು ಬಿಸಿಲಿನ ಸೀಮೆಯಲ್ಲಿ. ಎಲ್ಲರಿಗೂ ಬೆಳಗಾದಾಗ ಅವಳಿಗೆ ಕತ್ತಲಾಗುತ್ತಿತ್ತು, ಆದರೆ ಆ ಕತ್ತಲೆ ಬಿಳಿಯದು. ಹೊತ್ತು ಏರಿದಂತೆ ಹೊಲ, ದಾರಿ, ಜಾಲಿಮರ, ಅಣ್ಣನ ಮುಖ ಎಲ್ಲವೂ ಸುಣ್ಣ ಬಳಿದ ಗೋಡೆಯೊಳಗೆ ಇಳಿದುಹೋಗುತ್ತಿದ್ದವು. ಇಳಿಹೊತ್ತಿನಲ್ಲಿ ಒಂದೊಂದಾಗಿ ಮರಳಿ ಬರುತ್ತಿದ್ದವು: ಮೊದಲು ಕುರಿಗಳ ಬೆನ್ನು, ಆಮೇಲೆ ಕಿವಿ, ಆಮೇಲೆ ಅವುಗಳ ಹಿಂದೆ ನಡೆದು ಬರುವ ತಂದೆ. ಅವಳಿಗೆ ಹತ್ತು ವರ್ಷವಾದಾಗ ಆ ತಂದೆ ಅವಳಿಗೆಂದೇ ಒಂದು ಕರಿ ಕಂಬಳಿ ನೇಯಿಸಿ ತಂದ. ಮಳೆಯಲ್ಲಿ ಕುರುಬರು ಮಾಡುವಂತೆ ಅದನ್ನು ಕೊಪ್ಪೆಯಾಗಿ ಮಡಿಚಿ, ತಲೆಯಿಂದ ಮೊಣಕಾಲಿನವರೆಗೆ ಇಳಿಬಿಟ್ಟುಕೊಂಡು, ಬೇಸಿಗೆಯಲ್ಲೂ ಬೆವರುತ್ತ ಅವಳು ಹಗಲಿನಲ್ಲಿ ನಡೆದಾಡಿದಳು. ಕೊಪ್ಪೆಯೊಳಗಿಂದ ಕಾಣುವುದು ತನ್ನ ಹೆಬ್ಬೆರಳು, ಅದರ ಮುಂದೆ ಎರಡು ಮಾರು ನೆಲ. ಅವಳ ಪಾಲಿನ ಹಗಲು ಅಷ್ಟೇ.

ತಂದೆ ತೀರಿಕೊಂಡ ಮೇಲೆ ಕುರಿಗಳು ಚಿಕ್ಕಪ್ಪನ ಹಿಂಡಿಗೆ ಸೇರಿದವು. ಅಣ್ಣ ಮಾಳಿಂಗಪ್ಪ ಆಗಲೇ ಇಂಡಿಯಲ್ಲಿ ರೇಡಿಯೊ, ಟಿವಿ ರಿಪೇರಿ ಕಲಿತು, ಬಸ್‌ಸ್ಟ್ಯಾಂಡಿನ ಎದುರಿಗೆ ತಗಡಿನ ಅಂಗಡಿ ಹಾಕಿದ್ದ. ಅಂಗಡಿಯ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆಯ ಮನೆಗೆ ತಾಯಿಯನ್ನೂ ತಂಗಿಯನ್ನೂ ಕರೆತಂದ. ಒಳಗಿನ ಕೋಣೆಗೆ ಕಿಟಕಿಯಿರಲಿಲ್ಲ. ಅದು ತಾನಾಗಿಯೇ ಭಾಗ್ಯಾಳದಾಯಿತು. ಅಲ್ಲಿ ಕುಳಿತು ಅವಳು ಉಣ್ಣೆ ನೂಲುತ್ತಿದ್ದಳು, ಬಾಗಿಲಿನ ಆಚೆ ಹಗಲು ತನ್ನಷ್ಟಕ್ಕೆ ಗದ್ದಲ ಮಾಡಿಕೊಂಡು ಹೋಗುತ್ತಿತ್ತು.

ತೊಂಬತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಮಾಳಿಂಗಪ್ಪ ಆಟದ ಪೆಟ್ಟಿಗೆ ಮಾಡಿದ. ಸೊಲ್ಲಾಪುರದಲ್ಲಿ ಯಾವುದೋ ಅಂಗಡಿಯಲ್ಲಿ ವಿಡಿಯೊ ಗೇಮ್ ನೋಡಿ ಬಂದವನು ತಾನೂ ಒಂದು ಕಟ್ಟುತ್ತೇನೆ ಎಂದು ಕುಳಿತುಬಿಟ್ಟ. ಜೋಳ ತುಂಬುತ್ತಿದ್ದ ಹಳೆಯ ಕಟ್ಟಿಗೆಯ ಪೆಟ್ಟಿಗೆಯನ್ನು ನಿಲ್ಲಿಸಿ, ಅದರ ಹೊಟ್ಟೆಯಲ್ಲಿ ಇಪ್ಪತ್ತು ಇಂಚಿನ ಹಳೆಯ ಕಲರ್ ಟಿವಿಯನ್ನೂ ಅದರ ಬೆನ್ನಿಗೆ ತಾನೇ ಬೆಸೆದ ಆಟದ ಸರ್ಕಿಟ್ಟನ್ನೂ ಕೂರಿಸಿದ. ಮುಂದೆ ಉದ್ದನೆಯ ಹಲಗೆ, ಹಲಗೆಯ ಮೇಲೆ ಸಾಲಾಗಿ ನಾಲ್ಕು ಜಾಲಿಕಟ್ಟಿಗೆಯ ಹಿಡಿಕೆ, ಪ್ರತಿ ಹಿಡಿಕೆಯ ಪಕ್ಕ ಮನೆಬಾಗಿಲಿಗೆ ಹಾಕುವ ಕಾಲಿಂಗ್ ಬೆಲ್ಲಿನ ಗುಂಡಿ. ಪರದೆಯ ಮೇಲೆ ಒಂದು ಬಯಲು. ಬಯಲಿನಲ್ಲಿ ಕೆಂಪು, ನೀಲಿ, ಹಸಿರು, ಬಿಳಿ ಬಣ್ಣದ ನಾಲ್ಕು ಸಣ್ಣ ಬಂಡಿ. ನಾಲ್ಕು ಜನ ಒಟ್ಟಿಗೆ ನಿಂತು ಓಡಿಸಬೇಕು, ಬಾವುಟ ಮೊದಲು ಮುಟ್ಟಿದವರು ಗೆದ್ದರು. ಊರು ಅದಕ್ಕೆ ಬಂಡಿ ಆಟ ಎಂದು ಹೆಸರಿಟ್ಟಿತು.

ಒಂದೇ ತೊಡಕು. ಅಂಗಡಿಯ ಬಾಯಿ ಪಡುವಣಕ್ಕೆ ತೆರೆದಿತ್ತು. ಬಸ್ಸು ಕಾಯುವ ಜನ ಬಂದು ಸೇರುವ ಮಧ್ಯಾಹ್ನದ ಹೊತ್ತಿಗೇ ಬಿಸಿಲು ಅವರ ಹೆಗಲ ಮೇಲಿಂದ ಒಳಗೆ ಹಾಯ್ದು ಗಾಜಿನ ಮೇಲೆ ಕುಳಿತುಕೊಳ್ಳುತ್ತಿತ್ತು. ಆಗ ಬಯಲೂ ಇಲ್ಲ, ಬಂಡಿಯೂ ಇಲ್ಲ. ಗಾಜಿನೊಳಗೆ ಸಿಂದಗಿಯ ಬಸ್ಸು ತಿರುಗುತ್ತಿತ್ತು, ಮುದ್ದೇಬಿಹಾಳದ ಬಸ್ಸು ಧೂಳೆಬ್ಬಿಸಿ ನಿಲ್ಲುತ್ತಿತ್ತು, ಬಾಗೇವಾಡಿಗೆ ಹೋಗುವವರು ಗಂಟು ಹೊತ್ತುಕೊಂಡು ಗಾಜಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತೇಲಿ ಮಾಯವಾಗುತ್ತಿದ್ದರು.

"ಏ ಮಾಳಪ್ಪಾ, ಇದರಾಗ ನನ್ನ ಮೀಸಿ ಬರೋಬರಿ ಕಾಣಾಕತ್ತೈತಿ. ಬಂಡಿ ಎಲ್ಲಿ ಹೋತಪಾ?" ಎಂದು ಟೆಂಪೊ ಓಡಿಸುವ ಸಂಗು ಕೂಗುತ್ತಿದ್ದ. ಅವನು ಆ ಆಟದ ಹುಲಿ. ನೀಲಿ ಬಂಡಿ ಅವನದೇ ಎಂದು ಎಲ್ಲರೂ ಒಪ್ಪಿದ್ದರು.

"ಸ್ವಲ್ಪ ಬಾಗಿ ನೋಡೊ."

"ಬಾಗಿದ್ರ ಸಿಂದಗಿ ಬಸ್ ಕಾಣತೈತಿ. ಹತ್ತಿ ಹೋಗ್ಲೇನು?"

ಹೇಗೋ ಕೈ ಅಡ್ಡ ಹಿಡಿದು ಮೂವರು ಆಡುತ್ತಿದ್ದರು. ನಾಲ್ಕನೆಯ ಹಿಡಿಕೆ ಮನೆಯ ಬಾಗಿಲಿನ ಕಡೆಗೆ, ಕೊನೆಯಲ್ಲಿತ್ತು. ಪಕ್ಕದ ತಗಡು ಹೊಳೆದು ಅಲ್ಲಿಂದ ಏನೆಂದರೆ ಏನೂ ಕಾಣುತ್ತಿರಲಿಲ್ಲ. ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಬಿಳಿ ಬಂಡಿ ಒಂದು ಮೂಲೆಯಲ್ಲಿ ಯಾರೂ ಕರೆಯದ ನೆಂಟರ ಹಾಗೆ ಸುಮ್ಮನೆ ನಿಂತಿರುತ್ತಿತ್ತು.

ಬಾಗಿಲಿನ ಈಚೆ ಕುಳಿತ ಭಾಗ್ಯಾ ಆ ಆಟವನ್ನು ಕಿವಿಯಿಂದ ಕಲಿತುಬಿಟ್ಟಿದ್ದಳು. ಬಂಡಿ ತಿರುಗಿದರೆ ಒಂದು ಸದ್ದು, ಗುದ್ದಿದರೆ ಒಂದು, ಬಾವುಟ ಹತ್ತಿರವಾದರೆ ಸಣ್ಣಗೆ ಗೆಜ್ಜೆ ಅಲುಗಿಸಿದಂಥದ್ದು. ರಾಟೆಯ ಕದಿರು ನಿಲ್ಲಿಸಿ, ಮೊಣಕಾಲಿನ ಮೇಲೆ ಬೆರಳು ಆಡಿಸುತ್ತ, ಅವಳು ಆ ಬಿಳಿ ಬಂಡಿಯನ್ನು ಎಷ್ಟೋ ಸಲ ಮೂಲೆಯಿಂದ ಹೊರಡಿಸಿದ್ದಳು. ಮನಸ್ಸಿನ ಬಯಲಿನಲ್ಲಿ ಅದು ಬಾವುಟ ಮುಟ್ಟಿ, ಅಲ್ಲಿಗೆ ನಿಲ್ಲದೆ, ಹೊರ್ತಿಯ ಹೊಲಗಳ ಮೇಲೆ ಹಾಯ್ದು, ಹಲಸಂಗಿಯ ದಾರಿ ದಾಟಿ, ಭೀಮೆಯ ದಂಡೆಯವರೆಗೂ ಹೋಗಿ ಬರುತ್ತಿತ್ತು.

ಒಂದು ದಿನ ಅಣ್ಣ ಊಟಕ್ಕೆ ಒಳಗೆ ಬಂದಾಗ ಕೇಳಿಯೇಬಿಟ್ಟಳು.

"ಅಣ್ಣಾ, ನಾಕನೇ ಹಿಡಕಿ ನನಗ ಬಿಡು."

ಮಾಳಿಂಗಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅಲ್ಲಿ ಕಣ್ಣ ಛಲೋ ಇದ್ದವರಿಗೇ ಕಾಣಂಗಿಲ್ಲವಾ," ಎಂದವನು ನಾಲಿಗೆ ಕಚ್ಚಿಕೊಂಡ. "ಸಂಜಿಮುಂದ ಆಡುವಂತಿ. ಎಲ್ಲಾರೂ ಹ್ವಾದಮ್ಯಾಲ."

"ಎಲ್ಲಾರೂ ಹ್ವಾದಮ್ಯಾಲ ಯಾರ ಜೋಡಿ ಆಡ್ಲಿ? ಸ್ಟೂಲಿನ ಜೋಡಿ ಆಡ್ಲೇನು?"

ಪಕ್ಕದ ಅಂಗಡಿಯಲ್ಲಿ ಜಂಪರ್ ಹೊಲಿಯುವ ಮುಮ್ತಾಜ ನೀರು ಕುಡಿಯಲು ಬಂದವಳು ಹೊಸ್ತಿಲಲ್ಲಿ ನಿಂತು ನಕ್ಕಳು. "ಖರೇ ಕೇಳಾಕತ್ತಾಳ ನೋಡ್ರಿ ಮಾಳಪ್ಪಣ್ಣ. ನಾಕ ಮಂದಿ ಆಟ ಅಂತ ಬೋರ್ಡ್ ಬರದೀರಿ. ನಾಕನೇದಾಕಿ ಮನ್ಯಾಗs ಅದಾಳ."

ಭಾಗ್ಯಾಳಿಗೆ ಆಗ ಇಪ್ಪತ್ನಾಲ್ಕು. ಹಟ್ಟಿಯಲ್ಲಿ, ಊರಲ್ಲಿ, ಇಂಡಿಯಲ್ಲಿ, ನಡುಹಗಲಿನಲ್ಲಿ ನಾಲ್ಕು ಜನರ ನಡುವೆ ನಿಂತು ಅವಳು ಏನನ್ನೂ ಮಾಡಿದವಳಲ್ಲ. ಅಣ್ಣನಿಗೆ ಅದು ಗೊತ್ತಿತ್ತು. ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಅವನು ಪೆಟ್ಟಿಗೆಯ ಕಡೆಗೆ ಎದ್ದು ಹೋದ.

ಮೊದಲು ಅವನು ತನಗೆ ತಿಳಿದದ್ದನ್ನೆಲ್ಲ ಮಾಡಿದ. ಟಿವಿಯ ಬೆಳಕು ಏರಿಸಿದ; ಬಯಲು ತೊಳೆದ ಬಟ್ಟೆಯಂತೆ ಬಿಳಿಚಿತು. ಗಾಜಿನ ಮುಂದೆ ಹಚ್ಚುವ ನೀಲಿ ಪ್ಲಾಸ್ಟಿಕ್ಕಿನ ಹಾಳೆ ತಂದು ಕೂರಿಸಿದ. ಅದರಲ್ಲಿ ಬಸ್ಸುಗಳು ಮೊದಲಿಗಿಂತ ಚೆನ್ನಾಗಿ ಕಂಡವು. ಟಿವಿಯನ್ನು ಒಂದು ಗೇಣು ಒಳಕ್ಕೆ ಸರಿಸಿ, ಪೆಟ್ಟಿಗೆಯ ಒಳಗೋಡೆಗೆ ಕರಿ ಆಯಿಲ್ ಪೇಂಟ್ ಹೊಡೆದ. ಅದು ಒಣಗಿದ ಮೇಲೆ ಕನ್ನಡಿಯಾಯಿತು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಮೇಲೆ ನಾಲ್ಕು ಬಂಡಿ ಓಡತೊಡಗಿದವು. ಸಂಗು ಒಂದಿಡೀ ಆಟ ಗೋಡೆಯೊಳಗಿನ ಬಂಡಿಯನ್ನು ಓಡಿಸಿ ಸೋತ.

"ಅಣ್ಣಾ," ಎಂದಳು ಭಾಗ್ಯಾ, "ನೀ ಗಾಜಿಗೆ ಬೆಳಕ ಕೊಡಾಕತ್ತಿ. ಕಣ್ಣಿಗೆ ಕತ್ತಲಿ ಕೊಡು."

"ಅಂದ್ರ?"

ಅವಳು ತನ್ನ ಕೊಪ್ಪೆ ತೆಗೆದು ಅಣ್ಣನ ತಲೆಗೆ ಹೊದಿಸಿದಳು. ತೋಳು ಹಿಡಿದು ಬಾಗಿಲವರೆಗೆ ಕರೆತಂದು, ಪೆಟ್ಟಿಗೆಯ ಮುಂದಕ್ಕೆ ದೂಡಿದಳು. "ಬಾಗು. ಇನ್ನೂ ಬಾಗು. ಕಂಬಳಿ ಗಾಜಿಗೆ ಹತ್ತಲಿ."

ಕಂಬಳಿಯೊಳಗಿನ ಉಣ್ಣೆಯ ವಾಸನೆಯಲ್ಲಿ, ಮಾಳಿಂಗಪ್ಪನ ಕಣ್ಣೆದುರಿಗೆ ಬಯಲು ತೆರೆದುಕೊಂಡಿತು. ಹುಲ್ಲು ಹಸಿರಾಗಿತ್ತು. ಹುಲ್ಲು ಹಸಿರಾಗಿದೆ ಎಂದು ಅದನ್ನು ಕಟ್ಟಿದವನಿಗೇ ನಡುಹಗಲಿನಲ್ಲಿ ಅಂದೇ ಗೊತ್ತಾದದ್ದು. ಹೊರಗೆ ತಂಗಿ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

"ಹದಿನಾಕ ವರ್ಸದಿಂದ ನಾ ಅದನ್ನs ಮಾಡಾಕತ್ತೇನಿ," ಎಂದಳು.

ಆ ಕಂಬಳಿಯನ್ನೇ ಪೆಟ್ಟಿಗೆಗೆ ಕೊಪ್ಪೆ ಮಾಡಬೇಕು, ಅದರಲ್ಲಿ ನಾಲ್ಕು ಕಿಂಡಿ ಬಿಡಬೇಕು, ಆಡುವವರು ಕಿಂಡಿಯಲ್ಲಿ ಮುಖವಿಟ್ಟು ಆಡಬೇಕು ಎಂದು ಅಣ್ಣ ತಂಗಿ ನಿಶ್ಚಯಿಸಿದರು. ಮುಮ್ತಾಜ ಕತ್ತರಿ ತಂದಳು. ಕತ್ತರಿ ನೋಡಿದ್ದೇ ರೇವವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

"ಮೊದಲ ಆ ಕತ್ತರಿ ತಗೀರಿ! ಕಂಬಳಿ ಕತ್ತರಸ್ತಾರೇನ? ದೇವರು ಕುಂಡರು ಗದ್ದಗಿ ಅದು."

"ಮತ್ತ ಕಿಂಡಿ ಹೆಂಗ ಮಾಡೂದ್ರಿ ಅತ್ತಿ? ಹಲ್ಲಿಲೆ ಹರೀಲೇನು?"

"ನಿನ್ನ ಹಲ್ಲ ಮುರದಾವು. ಎರಡು ಪಟ್ಟಿ ಕೂಡಿಸಿ ಹೊಲದದ್ದೈತಿ, ನಡುವ ಹೊಲಗಿ ಕಾಣಂಗಿಲ್ಲೇನ? ಬಿಚ್ಚು. ತಿರುಗಿ ಹೊಲಿ. ಹೊಲಿಯೂಮುಂದ ನಾಕ ಕಡೆ ಬಿಟ್ಟು ಹೊಲಿ. ಬಿಟ್ಟಲ್ಲಿ ಕಿಂಡಿ ಆತು."

ಮುಮ್ತಾಜ ಕತ್ತರಿ ಕೆಳಗಿಟ್ಟು ಮುದುಕಿಯನ್ನೇ ನೋಡಿದಳು. "ನನ್ನ ಅಂಗಡಿಗೆ ಬಂದು ಕುಂಡ್ರಿ ಅತ್ತಿ. ನಾ ನಿಮ್ಮ ಕೈಕೆಳಗ ಗುಂಡಿ ಹಚ್ಚಿಕೋತ ಇರ್ತೇನಿ."

ಹಾಗೆ ಆ ಕಂಬಳಿ ಒಂದು ಎಳೆಯೂ ಹರಿಯದೆ ಬೇರೆಯಾಯಿತು. ಹುಣಸೆಬೀಜ ಹುರಿದು, ಕುಟ್ಟಿ, ಕುದಿಸಿ ರೇವವ್ವ ಗಂಜಿ ಮಾಡಿದಳು. ಕಂಬಳಿ ನೇಯುವವರು ನೂಲಿಗೆ ಬಿಗಿ ಬರಲೆಂದು ಹಚ್ಚುವ ಗಂಜಿ ಅದು. ಆ ಗಂಜಿಯನ್ನು ಕಂಬಳಿಗೆ ಕುಡಿಸಿ ಎರಡು ಬಿಸಿಲಿಗೆ ಒಣಗಿಸಿದಾಗ ಅದು ತಗಡಿನ ಹಾಗೆ ತಾನೇ ನಿಂತಿತು. ಉಳಿದ ಗಂಜಿಗೆ ದೀಪದ ಕಾಡಿಗೆ ಕಲಸಿ ಪೆಟ್ಟಿಗೆಯ ಒಳಗೋಡೆಗೆ ಬಳಿದರು. ಆಯಿಲ್ ಪೇಂಟಿನ ಹೊಳಪು ಅದರ ಕೆಳಗೆ ಮುಳುಗಿಹೋಯಿತು. ಅದಕ್ಕಿಂತ ಕರಿಯದು ಇಂಡಿಯಲ್ಲಿ ಬೇರೆ ಇರಲಿಲ್ಲ. ಟಿವಿಯ ಹಿಂಬದಿಗೆ ನಾಲ್ಕು ಬೆರಳು ಇಟ್ಟಿಗೆ ಕೊಟ್ಟು ಅದರ ಮುಖವನ್ನು ನೆಲದತ್ತ ಸ್ವಲ್ಪ ಬಾಗಿಸಿದರು. ಕಿಂಡಿಗಳ ಬಾಯಿಗೆ ಬಿದಿರಿನ ಬಳೆ ಕೂರಿಸಿದರು.

ಮೊದಲ ದಿನವೇ ಸಂಗು ಎರಡನೆಯ ಕಿಂಡಿಯೊಳಗಿಂದ ಬೊಬ್ಬೆ ಹೊಡೆದ. "ಏ ಮಾಳಪ್ಪಾ, ಇದರಾಗ ಗಿಡ ಅದಾವಲೇ! ಇಷ್ಟು ದಿನ ನಾ ಗಿಡಕ್ಕs ಗುದ್ದಾಕತ್ತಿದ್ದೆ?" ಬೆನ್ನ ಹಿಂದೆ ನಿಂತು ನೋಡುವವರು ಮಾತ್ರ ಸಿಟ್ಟಾದರು. ಅವರಿಗೆ ಮೂರು ಜನರ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಆಮೇಲೆ ಭಾಗ್ಯಾ ಬಂದಳು. ತಲೆಯ ಮೇಲೆ ಕಂಬಳಿ ಇರಲಿಲ್ಲ. ಬಾಗಿಲಿನಿಂದ ಹಿಡಿಕೆಗೆ ನಾಲ್ಕೇ ಹೆಜ್ಜೆ. ಕಣ್ಣು ಮುಚ್ಚಿಕೊಂಡು ನಡೆದು ನಾಲ್ಕನೆಯ ಕಿಂಡಿಯಲ್ಲಿ ಮುಖವಿಟ್ಟಳು. ಒಳಗಿನ ಕತ್ತಲೆ ತಣ್ಣಗೆ, ಅವಳಿಗೆ ಬೇಕಾದಷ್ಟು ಇತ್ತು. ಆದರೆ ಆ ಕತ್ತಲೆಯ ತಳದಲ್ಲಿ ಗಾಜು ಬಿಳಿಯಾಗಿ, ನೀಲಿಯಾಗಿ ನಡುಗುತ್ತಿತ್ತು. ಆ ಬೆಳಕು ಸೂಜಿಯ ಹಾಗೆ ಬಂದು ನಾಟಿತು. ಕಣ್ಣು ನೀರಾದವು. ಒರೆಸಿಕೊಂಡು ಮತ್ತೆ ನೋಡಿದಳು. ಪಕ್ಕದಲ್ಲಿ ಮೂವರು ಅವಳಿಗಾಗಿ ಆಟ ತಡೆದು ಕಾಯುತ್ತಿದ್ದರು. ಕಾಯುವುದು ಕೂಡ ಅವಳಿಗೆ ಕೇಳಿಸುತ್ತಿತ್ತು.

"ಕಾಣತೈತೇನು?" ಅಣ್ಣ ಕೇಳಿದ.

"ಬಿಳಿ ಐತಿ," ಎಂದಳು. "ಎಲ್ಲಾ ಬಿಳಿ ಐತಿ."

ಒಳಗೆ ಹೋಗಿ ನೂಲಲು ಕುಳಿತಳು. ಆ ರಾಟೆಯ ಸದ್ದು ಅಂದು ಸಂಜೆಯವರೆಗೆ ನಿಲ್ಲಲಿಲ್ಲ. ರೇವವ್ವ ಮಗನನ್ನು ಕರೆದು, "ಆಕಿ ಕಂಬಳಿ ಬಿಚ್ಚಿ ಕೊಟ್ಟುಬಿಡು ಯಪ್ಪಾ, ಹೊರಗ ಹೋಗೂ ದಾರಿನೂ ಹೋತು," ಎಂದಳು. ಕೊಡುತ್ತೇನೆ ಎಂದ. ಕೊಡಲು ಕೈ ಬರಲಿಲ್ಲ. ಎಂಟು ದಿನ ಭಾಗ್ಯಾ ಹಗಲಿನಲ್ಲಿ ಹೊಸ್ತಿಲು ದಾಟಲಿಲ್ಲ, ಬೆರಳನ್ನೂ ಮೊಣಕಾಲಿನ ಮೇಲೆ ಆಡಿಸಲಿಲ್ಲ.

ಒಂಬತ್ತನೆಯ ದಿನ ರವಿವಾರ. ದೇವಣಗಾಂವದ ಕಡೆಯಿಂದ ಬಂದ ಬಸ್ಸಿನಿಂದ ಒಬ್ಬ ಮುದುಕ ಇಳಿದ. ತಲೆಗೆ ಬಿಳಿ ರುಮಾಲು, ಹೆಗಲಿಗೆ ಕಂಬಳಿ, ಸೊಂಟದಲ್ಲಿ ಭಂಡಾರದ ಚೀಲ. ದೇವರ ಕಾರ್ಯಕ್ಕೆಂದು ಎಲ್ಲಿಗೋ ಹೊರಟವನು. ರಸ್ತೆ ದಾಟುವಾಗ ಅವನಿಗೆ ಕಂಡದ್ದು ಹೀಗೆ: ನೆರಳಿನಲ್ಲಿ ಒಂದು ಎತ್ತರದ ಗದ್ದುಗೆ, ಅದರ ಮೇಲೆ ಕರಿ ಕಂಬಳಿ, ಅದರ ಮುಂದೆ ಮೂವರು ಭಕ್ತರು ಸೊಂಟ ಬಾಗಿಸಿ, ಮುಖ ಒಳಗಿಟ್ಟು ನಿಂತಿದ್ದಾರೆ, ಒಳಗಿಂದ ಗೆಜ್ಜೆಯ ಸದ್ದು ಬರುತ್ತಿದೆ. ಮುದುಕ ಚಪ್ಪಲಿ ಬಿಟ್ಟ. ಖಾಲಿಯಿದ್ದ ನಾಲ್ಕನೆಯ ಕಿಂಡಿಯ ಮುಂದೆ ಬಂದು ಕೈಮುಗಿದ. "ಚಾಂಗಭಲೋ!" ಎಂದು ದೇವರಿಗೆ ಜಯಕಾರ ಹಾಕಿ ಒಂದು ಹಿಡಿ ಅರಿಸಿನದ ಭಂಡಾರವನ್ನು ಕಿಂಡಿಯೊಳಕ್ಕೆ ತೂರಿದ.

ಒಳಗಿನ ಮೂವರೂ ಕೆಮ್ಮುತ್ತ, ಸೀನುತ್ತ ಹೊರಬಂದರು. ಸಂಗುವಿನ ಮೀಸೆ ಹಳದಿಯಾಗಿತ್ತು.

"ಏನ್ ಮಾಡಿದ್ಯೋ ಯಜ್ಜಾ!"

"ಯಾವ ದೇವರಪಾ ಇದು? ನಮ್ಮ ಮಾಳಿಂಗರಾಯಂದs ಹೌದಲ್ಲೋ?"

"ದೇವರಲ್ಲೋ, ಟಿವಿ ಅದು!"

ಮುದುಕ ಕಿಂಡಿಯಲ್ಲಿ ಒಮ್ಮೆ ಇಣುಕಿದ. "ಟಿವಿಗ್ಯಾಕ ಕಂಬಳಿ ಹೊಚ್ಚಿರಿ? ಜ್ವರ ಬಂದೈತೇನು?" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ.

ಬಿಸಿಯಾದ ಗಾಜು ಪುಡಿಯನ್ನೆಲ್ಲ ಸೆಳೆದುಕೊಂಡು ಅಂಟಿಸಿಕೊಂಡಿತ್ತು. ಮಾಳಿಂಗಪ್ಪ ಬಟ್ಟೆ ಹುಡುಕುತ್ತ ಬೈದುಕೊಳ್ಳುತ್ತಿದ್ದ. ನಗೆಯ ಗದ್ದಲಕ್ಕೆ ಭಾಗ್ಯಾ ಬಾಗಿಲಿಗೆ ಬಂದಿದ್ದಳು. ತೆರೆದ ಕಿಂಡಿಯಿಂದ ಒಂದು ಬೆಳಕು ಹೊರಗೆ ಬರುತ್ತಿತ್ತು. ಅದು ಚುಚ್ಚುವ ಬೆಳಕಾಗಿರಲಿಲ್ಲ. ಹಟ್ಟಿಯಲ್ಲಿ ಹೊತ್ತು ಇಳಿಯುವಾಗ ಕುರಿಗಳ ಬೆನ್ನ ಮೇಲೆ ಕೂರುತ್ತಿದ್ದ ಬೆಳಕು ಅದು. ಅವಳು ನಡೆದು ಹೋಗಿ ಮುಖವಿಟ್ಟಳು.

ಬಯಲು ಇತ್ತು. ಬಯಲಿನಲ್ಲಿ ಗಿಡಗಳಿದ್ದವು. ಮೂರು ಬಂಡಿ ಚೆಲ್ಲಾಪಿಲ್ಲಿ ನಿಂತಿದ್ದವು. ಮೂಲೆಯಲ್ಲಿ ನಾಲ್ಕನೆಯದು, ಹೊನ್ನಿನ ಬಣ್ಣದ್ದು, ಅವಳ ಕಡೆಗೇ ಮುಖ ಮಾಡಿ ಕಾಯುತ್ತಿತ್ತು.

"ಒರಸಬ್ಯಾಡ!" ಎಂದು ಕೂಗಿದಳು. "ಅಣ್ಣಾ, ಒರಸಬ್ಯಾಡ, ಕಾಣಾಕತ್ತೈತಿ!"

ಮಾಳಿಂಗಪ್ಪನ ಕೈಯಲ್ಲಿ ಬಟ್ಟೆ ಹಾಗೇ ಉಳಿಯಿತು. ಸಂಗು ಮಾತ್ರ ಇನ್ನೊಂದು ಕಿಂಡಿಯಿಂದ ನೋಡಿ ಗೊಣಗಿದ. "ನಿನಗ ಕಾಣತೈತಿ ಖರೆ. ನನ್ನ ನೀಲಿ ಬಂಡಿ ಹಸರ ಆಗೈತಿ. ಹಸರ ಬಂಡಿನೂ ಹಸರ ಐತಿ. ನಾ ಯಾವುದು ಓಡಿಸ್ಲಿ?"

ಅವನ ಮಾತು ನ್ಯಾಯದ್ದೇ ಆಗಿತ್ತು. ಭಾಗ್ಯಾ ಕಿಂಡಿಯಿಂದ ಮುಖ ತೆಗೆಯಲಿಲ್ಲ. ಗಾಜು ಒರೆಸಿದರೆ ಅವಳ ಬಯಲು ಹೋಗುತ್ತದೆ. ಬಿಟ್ಟರೆ ಉಳಿದವರ ಬಣ್ಣ ಹೋಗುತ್ತದೆ. ಆಡುವವರೇ ಇಲ್ಲದ ಮೇಲೆ ಅವಳಿಗೂ ಆಟವಿಲ್ಲ. ಅವಳ ಬೆರಳುಗಳು ಹಿಡಿಕೆಯ ಮೇಲೆ ಬೆಳ್ಳಗೆ ಬಿಗಿದಿದ್ದವು.

ಗದ್ದಲ ಕೇಳಿ ಬಂದಿದ್ದ ಮುಮ್ತಾಜ ಯಾವಾಗ ತನ್ನ ಅಂಗಡಿಗೆ ಮರಳಿದಳೋ ಯಾರೂ ನೋಡಲಿಲ್ಲ. ಅವಳ ಅಂಗಡಿಯ ಗಾಜಿಗೆ, ನೇತುಹಾಕಿದ ಬಟ್ಟೆಯ ಬಣ್ಣ ಬಿಸಿಲಿಗೆ ಹಾರಬಾರದೆಂದು, ಹಳದಿ ಬಣ್ಣದ ತೆಳ್ಳನೆಯ ಪ್ಲಾಸ್ಟಿಕ್ ಕಾಗದ ಅಂಟಿಸಿದ್ದರು. ಪರ್ರನೆ ಹರಿದ ಸದ್ದು ಕೇಳಿಸಿತು. ಕೈತುಂಬ ಹಳದಿ ಕಾಗದ ಹಿಡಿದುಕೊಂಡು ಬಂದಳು.

"ಗಾಜ ಒರಸ್ರಿ ಮಾಳಪ್ಪಣ್ಣ. ಎಲ್ಲಾರ ಬಣ್ಣ ಎಲ್ಲಾರಿಗೆ ಇರಲಿ. ಈಕಿ ಕಿಂಡಿಗಷ್ಟ ಇದನ್ನ ಕಟ್ಟೂಣು."

"ನಿನ್ನ ಬಟ್ಟಿ ಬಣ್ಣ ಹಾರತಾವಲ್ಲ ಮುಮ್ತಾಜಕ್ಕಾ?" ಎಂದಳು ಭಾಗ್ಯಾ ಕಂಬಳಿಯೊಳಗಿಂದ.

"ಹಾರ್ಲಿ ಬಿಡು. ಬಣ್ಣ ಹಾರಿದ ಬಟ್ಟಿ ಸಂಗುನ ಹೇಣ್ತಿಗೆ ಮಾರ್ತೇನಿ."

ಬಿದಿರಿನ ಬಳೆಗೆ ಹಳದಿ ಕಾಗದವನ್ನು ಹಲಗೆವಾದ್ಯಕ್ಕೆ ಚರ್ಮ ಬಿಗಿದಂತೆ ಬಿಗಿದರು. ಒಂದು ಮಡಿಕೆ ಸಾಲದೆ ಎರಡು, ಎರಡೂ ಸಾಲದೆ ಮೂರು. ಪ್ರತಿ ಸಲವೂ ಭಾಗ್ಯಾ ನೋಡಿ, "ಇನ್ನೊಂದು," ಎನ್ನುತ್ತಿದ್ದಳು. ಮೂರನೆಯದಕ್ಕೆ ಸುಮ್ಮನಾದಳು.

ಆ ಪೆಟ್ಟಿಗೆ ಮುಂದೆ ಆರು ವರ್ಷ ನಡೆಯಿತು. ಮುದ್ದೇಬಿಹಾಳದಿಂದ ಒಬ್ಬ, ಬಾಗೇವಾಡಿಯಿಂದ ಇಬ್ಬರು ಬಂದು ಅಳತೆ ತೆಗೆದುಕೊಂಡು ಹೋಗಿ ಅಂಥದ್ದೇ ಕಟ್ಟಿದರು. ಕಂಬಳಿಯ ಬದಲು ರೆಕ್ಸಿನ್ ಹಾಕಿದರು, ಅದು ಹೊಳೆಯಿತು. ಭಾಗ್ಯಾ ನಿಧಾನವಾಗಿ ಬೆಸುಗೆ ಹಾಕುವುದನ್ನೂ ಕಲಿತಳು. ಹಳದಿ ಕಾಗದದ ಇನ್ನೊಂದು ಬಳೆಯನ್ನು ಕಣ್ಣಿಗೆ ಕಟ್ಟಿಕೊಂಡು ಅಂಗಡಿಯಲ್ಲಿ ಕೂತಳು. ಮಾಳಿಂಗಪ್ಪ ಊರಿಗೆ ಹೋದಾಗ ರೇಡಿಯೊ ತಂದವರು ಅವಳ ಕೈಗೇ ಕೊಟ್ಟು ಹೋಗುತ್ತಿದ್ದರು. ಕಂಪ್ಯೂಟರ್ ಬಂದು ಬಂಡಿ ಆಟ ಹಳತಾಯಿತು, ಪೆಟ್ಟಿಗೆ ಮತ್ತೆ ಜೋಳಕ್ಕೆ ಹೋಯಿತು. ಅದೆಲ್ಲ ಆಮೇಲಿನ ಮಾತು. ಮಗಳ ಬದುಕಿನ ದೊಡ್ಡ ದಿನ ಯಾವುದೆಂದು ರೇವವ್ವನನ್ನು ಕೇಳಿದರೆ, ಅವಳು ಹೇಳುತ್ತಿದ್ದದ್ದು ಆ ರವಿವಾರದ ಮರುದಿನವನ್ನು.

ಸೋಮವಾರ, ಮಧ್ಯಾಹ್ನ ಎರಡು ಗಂಟೆ. ರಸ್ತೆಯ ಡಾಂಬರು ಮೆತ್ತಗಾಗಿತ್ತು. ನಾಲ್ಕೂ ಕಿಂಡಿಯಲ್ಲಿ ನಾಲ್ಕು ಮುಖ. ಮೊದಲ ಆಟ ಭಾಗ್ಯಾ ಸೋತಳು. ಕಿವಿಗೆ ಗೊತ್ತಿದ್ದ ದಾರಿಗಳನ್ನು ಕಣ್ಣು ಹೊಸದಾಗಿ ಕಲಿಯಬೇಕಿತ್ತು. ಎರಡನೆಯದನ್ನೂ ಸೋತಳು. ಸಂಗು ಹಾಡು ಗುನುಗತೊಡಗಿದ. ಮೂರನೆಯ ಆಟದಲ್ಲಿ ಹೊನ್ನಿನ ಬಂಡಿ ಗಿಡಗಳ ನಡುವೆ ಸದ್ದಿಲ್ಲದೆ ಸರಿದು, ಗೆಜ್ಜೆಯ ಸದ್ದು ಸಣ್ಣಗೆ ಹೊರಡುತ್ತಿದ್ದಂತೆಯೇ ಬಾವುಟ ಮುಟ್ಟಿತು.

"ಮೋಸ!" ಎಂದು ಸಂಗು ಮುಖ ಹೊರಗೆ ತೆಗೆದ. "ಇದು ಮೋಸ! ಆ ಹಳದಿ ಕಾಗದದಾಗ ಭಂಡಾರದ ಮಾಟ ಐತಿ. ನಾ ಆ ಕಿಂಡ್ಯಾಗ ಆಡಾಂವ."

"ನಿನ್ನ ಕಿಂಡಿ ನಿನಗ, ನನ್ನ ಕಿಂಡಿ ನನಗ. ಹಿಂದ ಸರಿ."

"ಏ ಭಾಗ್ಯಾ, ಹುಡುಗಿ ಅಂತ ಬಿಟ್ಟಿದ್ದೆ ನಾ."

"ಬಿಟ್ಟಿದ್ದಿ? ಗಿಡಕ್ಕ ಗುದ್ದಿ ಕುಂತಿದ್ದಿ, ನೋಡಿದೆ ನಾ!"

ಬಸ್ಸು ಕಾಯುವವರೆಲ್ಲ ತಿರುಗಿ ನೋಡಿದರು. ಒಳಗೆ ರೇವವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ಎರಡು ಗಂಟೆಯ ಬಿಸಿಲಿನಲ್ಲಿ, ಬೀದಿಯ ಮೇಲೆ, ನಾಲ್ಕು ಜನರ ನಡುವೆ ತನ್ನ ಮಗಳು ಜಗಳಾಡುತ್ತಿದ್ದಾಳೆ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಸುಮ್ಮನಿರಿಸಬೇಕೆಂದು ಬಾಯಿ ತೆರೆದವಳು, ಮಗಳ ಬರಿಗೂದಲ ಮೇಲೆ ಬಿಸಿಲು ಬೀಳದಂತೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು.

"ಇನ್ನೊಂದ ಆಟ ಹಚ್ಚು ಮಾಳಪ್ಪಾ," ಎಂದ ಸಂಗು ಸಿಟ್ಟಿನಿಂದ. "ಈಗ ನೋಡು, ಬಿಡಂಗಿಲ್ಲ ನಾ."

"ಬಿಡಬ್ಯಾಡ," ಎಂದಳು ಭಾಗ್ಯಾ, ಕಿಂಡಿಯಿಂದ ಮುಖ ತೆಗೆಯದೆಯೇ.